ಕತೆ ಕಲಿಸುವ ಪಂಡಿತರಿಗೂ, ಕತೆ ಬರೆಯೋ ಗೆಳೆಯರಿಗೂ

ಕತೆ ಬರೆಯೋದು ಹೇಗೆ ಅಂತ ಹೇಳಿಕೊಡುವ ಗುರುಗಳಿಗೆ ಈ ನಾಡಿನಲ್ಲಿ ಎಂದೂ ಬರ ಬಂದಿಲ್ಲ. ಕೆರೆಗೆ ಬರ ಬರುತ್ತೆ, ಕೂಲಿಗೆ ಬರ ಬರುತ್ತೆ, ಉಪದೇಶಕ್ಕೆ ಮಾತ್ರ ಬರೋದಿಲ್ಲ. ಕಥಾಕಮ್ಮಟಗಳಲ್ಲಿ ಇವರು ಹೇಳೋದು ಮೂರೇ ಮಾತು. ಭಾಷೆ ಶುದ್ಧವಾಗಿರಲಿ. ಅನುಭವ ಸಾರ್ವತ್ರಿಕವಾಗಿರಲಿ. ಸಿಟ್ಟು ಕಲೆಯನ್ನು ಕೆಡಿಸುತ್ತೆ, ತಣ್ಣಗಿರಿ. ಕೇರಿಯಿಂದ ಬಂದ ನಮ್ಮ ಹುಡುಗ ಹುಡುಗಿಯರು ಇದನ್ನು ನೋಟುಬುಕ್ಕಿಗೆ ಇಳಿಸಿಕೊಂಡು ಹೋಗಿ, ತಮ್ಮದಲ್ಲದ ಬಾಯಿಂದ ತಮ್ಮದಲ್ಲದ ಕತೆ ಬರೀತಾರೆ. ನಮ್ಮ ಮನೆಗಳಲ್ಲಿ ಅಕ್ಷರ ಕಂಡ ಮೊದಲ ತಲೆಮಾರು ನಾವು. ಆ ಅಕ್ಷರ ನಮ್ಮ ಬಾಯನ್ನೇ ಹೊಲಿಯೋ ದಬ್ಬಳ ಆಗೋದಾದ್ರೆ ಅದನ್ನು ಕಲಿತು ಏನು ಬಂತು?

ಮೊದಲು ಶುದ್ಧ ಭಾಷೆಯ ಮಾತು. ಯಾರ ಮನೆಯ ಶುದ್ಧ? ಅಡುಗೆಮನೆಯ ಮಡಿ ವ್ಯಾಕರಣಕ್ಕೆ ಯಾವಾಗ ಬಂತು? ಎಷ್ಟೋ ಕತೆಗಳಲ್ಲಿ ಕೇರಿಯ ಜನ ಹಳ್ಳಿ ಮಾತು ಆಡ್ತಾರೆ, ಕತೆ ಹೇಳುವವನು ಮಾತ್ರ ಪುಸ್ತಕದ ಕನ್ನಡ ಆಡ್ತಾನೆ. ಅಂದ್ರೆ ಪಾತ್ರಗಳು ಅಂಗಳದಲ್ಲಿ, ನಿರೂಪಕ ಜಗುಲಿ ಮೇಲೆ. 1980ರ ದಶಕದಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದು ಈ ಜಗುಲಿಯನ್ನೇ ಕಿತ್ತರು. ನಂಜನಗೂಡು ಸೀಮೆಯ ಆಡುಮಾತು ಸಂಭಾಷಣೆಗಷ್ಟೇ ಅಲ್ಲ, ನಿರೂಪಣೆಗೂ ಬಂತು. ಅರ್ಥವಾಗೋಲ್ಲ ಅಂತ ಗೊಣಗಿದವರು ಇದ್ದರು. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು. ಪ್ರಶಸ್ತಿ ದೊಡ್ಡದಲ್ಲ. ಅರ್ಥ ಮಾಡಿಕೊಳ್ಳೋ ಕಷ್ಟ ಯಾವಾಗಲೂ ನಮ್ಮ ಪಾಲಿಗೇ ಬರಬೇಕಿಲ್ಲ ಅನ್ನೋದು ದೊಡ್ಡದು. ಪಂಪನನ್ನು ಓದೋಕೆ ನಾವು ಅರ್ಥಕೋಶ ಹಿಡೀಲಿಲ್ಲವೇ? ಅವರೂ ಒಂದು ಸಲ ಹಿಡೀಲಿ.

ನಿಮ್ಮ ಕತೆ ತೆಗೆದು ಏಕವಚನ, ಬಹುವಚನ ಎರಡಕ್ಕೂ ಗೆರೆ ಎಳೆದು ನೋಡಿ. ಗೌಡರು 'ಬಂದರು', ಶಾನುಭೋಗರು 'ಕೂತರು', ಅರವತ್ತು ದಾಟಿದ ಮಾರಯ್ಯ 'ಬಂದ', 'ನಿಂತ'. ಗೌಡರ ಎಂಟು ವರ್ಷದ ಮಗ ಮಾರಯ್ಯನನ್ನು 'ಲೋ' ಅಂದರೆ ಅದು ಊರಿನ ಸತ್ಯ, ಬರೀಲೇಬೇಕು. ಆದರೆ ಕತೆ ಹೇಳೋ ನೀವೂ ಅದೇ ಲೆಕ್ಕ ಇಟ್ಟರೆ, ಆ ಹುಡುಗ ನಿಮ್ಮ ಪೆನ್ನಿನೊಳಗೆ ಕೂತಿದ್ದಾನೆ ಅಂತಲೇ ಅರ್ಥ. ಎಲ್ಲರಿಗೂ ಏಕವಚನ ಕೊಡಿ, ಇಲ್ಲ ಎಲ್ಲರಿಗೂ ಬಹುವಚನ ಕೊಡಿ.

ಎರಡನೇದು ಸಾರ್ವತ್ರಿಕತೆ. ಅಗ್ರಹಾರದ ಹುಡುಗನ ಸಂಕಟ ಮನುಷ್ಯಕುಲದ ಸಂಕಟವಂತೆ. ಕೇರಿಯ ನೀರಿನ ಜಗಳ ಬರೀ ಜಾತಿ ಸಮಸ್ಯೆಯಂತೆ! 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಬೇರೆ ಗೋಷ್ಠಿ ಕೇಳಿದಾಗ ಸಿಗದೆ ಹೋದದ್ದೂ ಇಂಥ ತರ್ಕದಿಂದಲೇ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ನಡೆಯಿತು. ಆ ಚಳವಳಿಯ ಒಡನಾಟದಲ್ಲಿ ಬೆಳೆದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಕತೆಗಳು ಲಂಡನ್ನಿಗೆ ಹೋದದ್ದು ಮೊಹಲ್ಲಾ ಬಿಟ್ಟು ಅಲ್ಲ, ಮೊಹಲ್ಲಾವನ್ನು ಹೊತ್ತುಕೊಂಡೇ.

ಮೂರನೇದು ಸಿಟ್ಟು. 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದದ್ದಕ್ಕೆ ಬಿ. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಆ ಸಿಟ್ಟು ಇಲ್ಲದಿದ್ದರೆ ಇವತ್ತು ಈ ಪುಟವೂ ಇಲ್ಲ. ಆದ್ದರಿಂದ ತಣ್ಣಗಿರಿ ಅನ್ನೋರಿಗೆ ನಮ್ಮ ನಮಸ್ಕಾರ. ಆದರೆ ಗೆಳೆಯರೇ, ನಮ್ಮವರೂ ಬೂಸಾ ಬರೆದರೆ ಆ ಏಟು ತಿಂದವರಿಗೆ ಯಾವ ಮುಖ ತೋರಿಸೋದು?

ಮೀಸೆ ತಿರುವೋ ಜಮೀನ್ದಾರ, ಸೆರಗು ಕಚ್ಚಿ ಅಳೋ ಹೆಣ್ಣು, ಕೊನೇ ಸಾಲಿನಲ್ಲಿ ಹುಟ್ಟೋ ಕೆಂಪು ಸೂರ್ಯ. ಇದು ಕತೆಯಲ್ಲ, ಗೋಡೆ ಕ್ಯಾಲೆಂಡರು. ಇಂಥದ್ದನ್ನು ಓದಿ ಯಾವ ಜಮೀನ್ದಾರನೂ ಹೆದರೋದಿಲ್ಲ. 'ನಾನು ಹಿಂಗಿಲ್ಲವಲ್ಲ' ಅಂತ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ. 'ಒಡಲಾಳ' ತೆಗೆದು ನೋಡಿ. ಕಳೆದುಹೋದ ಒಂದು ಹುಂಜಕ್ಕಾಗಿ ಸಾಕವ್ವನ ಹುಡುಕಾಟ. ರಾತ್ರಿ ಮನೆಮಂದಿಯೆಲ್ಲ ಕೂತು ತಿನ್ನೋ ಕದ್ದ ಕಡಲೆಕಾಯಿ. ಆಮೇಲೆ ಪೊಲೀಸು. ಹಸಿವು ಅನ್ನೋ ಪದಕ್ಕಿಂತ ಆ ಕಡಲೆಕಾಯಿಯ ಸದ್ದು ದೊಡ್ಡದು. ಅಲ್ಲಿ ಕಳ್ಳತನ ಇದೆ, ಜಗಳ ಇದೆ, ನಗುವೂ ಇದೆ. ನಮ್ಮವರು ದೇವರೂ ಅಲ್ಲ, ಬೊಂಬೆಯೂ ಅಲ್ಲ.

ಹಾಗಾಗಿ 'ಶೋಷಣೆ' ಅಂತ ಬರೀಬೇಡಿ, ಹೋಟ್ಲಿನ ಲೋಟ ಬರೀರಿ. ಅದನ್ನು ಎಲ್ಲಿ ಇಟ್ಟಿದ್ದಾರೆ, ಯಾರು ತೊಳೀಬೇಕು, ಟೀಯನ್ನು ಎಷ್ಟು ಎತ್ತರದಿಂದ ಸುರೀತಾರೆ. ಗಂಡಾಳಿಗೆ ಕೂಲಿ ಎಷ್ಟು, ಹೆಣ್ಣಾಳಿಗೆ ಎಷ್ಟು, ಸಾಲಕ್ಕೆ ಬಡ್ಡಿ ಎಷ್ಟು, ಅಂಕಿ ಹಾಕಿ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಜೀತ 'ಅಡ್ವಾನ್ಸ್' ಅಂತ ಹೆಸರು ಬದಲಿಸಿಕೊಂಡು ಇಟ್ಟಿಗೆ ಗೂಡಿನಲ್ಲಿ ಕೂತುಕೊಂಡಿತು. ಆ ಹೆಸರು ಬದಲಾದ ದಿನವೇ ಒಂದು ಕತೆ. ಕೇರಿಯೊಳಗಿನ ಕತ್ತಲೆಯನ್ನೂ ಬರೀರಿ. ಹೊಲೆಯರ ಬೀದಿ ಮಾದಿಗರ ಬೀದಿಯನ್ನು ದೂರ ಇಡೋದನ್ನು ಬರೀರಿ. ಸಭೆಯಲ್ಲಿ ಅಂಬೇಡ್ಕರ್ ಹೆಸರು ಹೇಳಿ ಬಂದು ಮನೆಯಲ್ಲಿ ಹೆಂಡತಿ ಮೇಲೆ ಕೈ ಎತ್ತೋ ಮುಂದಾಳನ್ನು ಬರೀರಿ. ಶತ್ರುಗಳಿಗೆ ಅಸ್ತ್ರ ಸಿಗುತ್ತೆ ಅಂತ ಹೆದರಿಸೋರಿಗೆ ಕೇಳಿ: ಆ ಹೆಂಗಸಿನ ಬೆನ್ನ ಮೇಲಿನ ಬಾಸುಂಡೆ ಯಾರ ಅಸ್ತ್ರದ್ದು?

ಗುರು ಬೇಕೇ ಬೇಕು ಅಂದರೆ ಮಲೆ ಮಾದೇಶ್ವರನ ಕತೆ ಹಾಡೋ ಕಂಸಾಳೆಯವರ ಹತ್ತಿರ ಕೂರಿ. ರಾತ್ರಿಯೆಲ್ಲ ಜನ ಎದ್ದು ಹೋಗದ ಹಾಗೆ ಕತೆ ನಡೆಸೋದನ್ನು ಅವರು ಯಾವ ಕಮ್ಮಟದಲ್ಲೂ ಕಲೀಲಿಲ್ಲ. ದೇವತೆಗಳನ್ನೇ ಸೆರೆಗೆ ಹಾಕಿದ ಶ್ರವಣನನ್ನು ಮುಗಿಸೋಕೆ ಮಾದಪ್ಪನಿಗೂ ಹರಳಯ್ಯ ಮಾಡಿಕೊಟ್ಟ ಮೆಟ್ಟೇ ಬೇಕಾಯಿತು.

ಹಳ್ಳಿ ಮೇಷ್ಟ್ರುಗಳೇ, ಮಗು ಮನೆ ಮಾತಿನಲ್ಲಿ ಒಂದು ಪುಟ ಬರೆದು ತಂದರೆ ಕೆಂಪು ಇಂಕು ಎತ್ತಬೇಡಿ. ಮೊದಲು ಅದನ್ನು ತರಗತಿಗೆ ಓದಿಸಿ. ಗೆಳೆಯರೇ, ನೀವೂ ಬರೆದದ್ದನ್ನು ಸಂಪಾದಕರಿಗೆ ಕಳಿಸೋ ಮುಂಚೆ ಕೇರಿಯ ಕಟ್ಟೆ ಮೇಲೆ ಓದಿ. ಸುಳ್ಳು ಬಂದ ಕಡೆ ಯಾರಾದರೂ ಅಜ್ಜಿ 'ಹಂಗಲ್ಲ ಕಣಪ್ಪ' ಅಂದೇ ಅಂತಾರೆ. ಅಲ್ಲಿ ತಿದ್ದಿ.