ಬೇಲಿಯ ಮೇಲಿನ ಒಟ್ಟುಕುಟುಂಬ

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದೆವು. ಹೊಲದ ಜಾಲಿಬೇಲಿಯ ಮೇಲೆ ಕೊಳೆಯ ಅರಿವೆಯಂಥದೇನೋ ಸಿಕ್ಕಿಕೊಂಡಿತ್ತು. ಮಗಳು ಎಳೆಯಲು ಕೈ ಚಾಚಿದಳು, ನಾನು ತಡೆದೆ. ಅದು ಅರಿವೆಯಲ್ಲ, ಮನೆ. ಒಂದು ಜೇಡದ್ದಲ್ಲ, ನೂರಾರು ಜೇಡಗಳದ್ದು!

ಜೇಡವೆಂದರೆ ಒಂಟಿಜೀವ, ತನ್ನವರನ್ನೇ ತಿನ್ನುವ ಪ್ರಾಣಿ ಎಂದು ನಾವು ತಿಳಿದಿರುತ್ತೇವೆ. ಬಹುಮಟ್ಟಿಗೆ ಅದು ನಿಜವೇ. ಹೆಸರು ಪಡೆದಿರುವ 50,000ಕ್ಕೂ ಮಿಕ್ಕ ಜೇಡಜಾತಿಗಳಲ್ಲಿ ಬಾಳೆಲ್ಲ ಕೂಡಿಯೇ ಇರುವವು ಸುಮಾರು 25 ಮಾತ್ರ. ಅವುಗಳಲ್ಲೊಂದು ನಮ್ಮ ದೇಶದ ಈ ಜೇಡ. 1892ರಲ್ಲಿ ಕಾರ್ಶ್ ಎಂಬ ಜರ್ಮನ್ ಪಂಡಿತ ಇದಕ್ಕಿಟ್ಟ ಹೆಸರು 'ಸ್ಟೆಗೋಡೈಫಸ್ ಸರಸಿನೋರಮ್'. ಹೆಸರು ಗಜದುದ್ದ, ಜೇಡ ಬೆರಳಿನ ಉಗುರಿನಷ್ಟು!

ನೂಲು, ಒಣಗಿದ ಎಲೆ, ಕಡ್ಡಿ ಸೇರಿಸಿ ಒತ್ತಾಗಿ ಹೆಣೆದ ಗೂಡು. ಒಳಗೆಲ್ಲ ಓಣಿಗಳು, ಹೊರಗೆ ಸುತ್ತಲೂ ಹರಡಿದ ಬಲೆ. ಹಗಲು ಗೂಡಿನೊಳಗೆ ವಿಶ್ರಾಂತಿ; ಸಂಜೆಯಾಯಿತೆಂದರೆ ಬಲೆಯ ರಿಪೇರಿ. ಮಿಡತೆ ಬಿದ್ದು ಒದ್ದಾಡಿದರೆ ನೂಲು ನಡುಗುತ್ತದೆ. ಆ ಸುದ್ದಿ ತಿಳಿದು ನಾಲ್ಕಾರು ಜೇಡಗಳು ಓಡಿ ಬರುತ್ತವೆ; ಒಂದು ಕಾಲು ಹಿಡಿದರೆ ಇನ್ನೊಂದು ರೆಕ್ಕೆ. ಒಂಟಿಯಾಗಿ ಮಣಿಸಲಾಗದ ಬೇಟೆಯನ್ನು ಕೂಡಿ ಕೆಡವಿ, ಕೂಡಿಯೇ ಉಣ್ಣುತ್ತವೆ. ಪರಊರಿನಲ್ಲಿ ನಾಲ್ಕು ಮನೆಯವರು ಸೇರಿ ಹಬ್ಬ ಮಾಡುವ ನಮಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಆದರೆ ಒಗ್ಗಟ್ಟು ಪುಕ್ಕಟೆ ಬರುವುದಿಲ್ಲ. ಇವುಗಳ ಮದುವೆ ಹೆಚ್ಚಾಗಿ ಗೂಡಿನೊಳಗೇ ಆಗುತ್ತದೆ. ಹೊಸ ರಕ್ತ ಬರುವುದು ಅಪರೂಪ. ಹೀಗಾಗಿ ಎಲ್ಲವೂ ಒಂದೇ ಅಚ್ಚಿನವು. ಕೆಲವು ಸಲ ಗೂಡಿಗೆ ಗೂಡೇ ಅಳಿದುಹೋಗುವುದುಂಟು.

ಇನ್ನೊಂದು ಬೆಲೆಯನ್ನು ತಾಯಿ ತೆರುತ್ತಾಳೆ. ಗೂಡಿನಲ್ಲಿ ಗಂಡುಗಳು ಕಡಿಮೆ, ಹೆಣ್ಣುಗಳೇ ಹೆಚ್ಚು. ಮೊಟ್ಟೆಚೀಲ ಕಾಯುವುದೂ ಮರಿ ಸಾಕುವುದೂ ಅವುಗಳ ಪಾಲಿನ ಕೆಲಸ. ಮರಿಗಳು ಹೊರಬಂದ ಮೇಲೆ ತಾಯಿ ತನ್ನ ಒಡಲನ್ನೇ ಕರಗಿಸಿ ಬಾಯಿಂದ ಬಾಯಿಗೆ ಉಣಿಸುತ್ತದೆ. ಕೊನೆಗೆ ಉಣಿಸಲು ಏನೂ ಉಳಿಯದಾದಾಗ ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ. ತಾಯಿ ಓಡಿಹೋಗುವುದಿಲ್ಲ.

"ಮರಿಗಳಿಗೆ ಗೊತ್ತಾಗುವುದಿಲ್ಲವೇ?" ಎಂದು ಮಗಳು ಕೇಳಿದಳು.

"ಜೇಡಕ್ಕೆ ಹೇಗೆ ಗೊತ್ತಾಗಬೇಕು?" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಚುಚ್ಚಿತು. ಹೊಲ ಮಾರಿ ನನ್ನನ್ನು ಓದಿಸಿ, ಈಗ ಆ ಮನೆಯಲ್ಲಿ ಒಬ್ಬಳೇ ಇರುವವಳು ನನ್ನ ತಾಯಿ. ವರ್ಷಕ್ಕೊಮ್ಮೆ ಎಂಟು ದಿನ ಬಂದು ಉಂಡು ಹೋಗುವವನು ನಾನು.

ಆ ರಾತ್ರಿ ಮಗಳು ಅಜ್ಜಿಯನ್ನು ಮೊದಲು ಕೂರಿಸಿ ತಾನೇ ಬಡಿಸಿದಳು. ಅಜ್ಜಿಗೆ ಕಾರಣ ತಿಳಿಯಲಿಲ್ಲ. ನಾನೂ ಹೇಳಲಿಲ್ಲ.