ಬಾರದ ಆಟಕ್ಕೆ ಕಾಯುವ ಹುಡುಗ

ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದಾಗ ನಮ್ಮ ಮೊಹಲ್ಲಾದ ಸಹೋದರಿಯೊಬ್ಬರು ನನ್ನ ಪತ್ನಿಯೊಂದಿಗೆ ಮಾತನಾಡುತ್ತಾ ಕುಳಿತಿದ್ದರು. ನನ್ನನ್ನು ಕಂಡೊಡನೆ, "ಉಸ್ತಾದ್, ನನ್ನ ಮಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು" ಎಂದರು. ಏನಾಯಿತು ಎಂದು ಕೇಳಿದೆ.

"ಅವನಿಗೆ ಗೇಮಿನ ಹುಚ್ಚು."

"ಇಂದಿನ ಮಕ್ಕಳೆಲ್ಲ ಆಡುತ್ತಾರಲ್ಲ?"

"ಆಡುತ್ತಿದ್ದರೆ ಕಿತ್ತಿಡುತ್ತಿದ್ದೆ ಉಸ್ತಾದ್. ಇವನು ಇನ್ನೂ ಬಾರದ ಗೇಮಿಗೆ ಕಾಯುತ್ತಿದ್ದಾನೆ. ಅದರ ಸುದ್ದಿ ಬಂತಾ ಎಂದು ದಿನಕ್ಕೆ ಹತ್ತು ಬಾರಿ ಮೊಬೈಲ್ ನೋಡುತ್ತಾನೆ. ಬಾರದ್ದನ್ನು ನಾನು ಹೇಗೆ ಕಿತ್ತಿಡಲಿ?"

ನನಗೆ ನಗು ಬಂತು. ಆದರೆ ಆ ತಾಯಿಯ ಮುಖದಲ್ಲಿ ನಗು ಇರಲಿಲ್ಲ. ಮಗನನ್ನು ಮರುದಿನ ಕಳುಹಿಸಿಕೊಡಿ ಎಂದೆ. ಅವನು ಮದ್ರಸದಲ್ಲಿ ನನ್ನ ಬಳಿ ಓದಿದವನು. ಈಗ ಪಿಯುಸಿಯಲ್ಲಿದ್ದಾನೆ. ರಾತ್ರಿ ಮಲಗುವ ಮುನ್ನ ಅವನಿಗೆ ಹೇಳಬೇಕಾದ ಉಪದೇಶವನ್ನೆಲ್ಲ ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಸೂರಃ ಅಲ್ ಅಸ್ರ್‌ನಿಂದ ಆರಂಭಿಸಿ ಸಮಯದ ಬೆಲೆ, ಯೌವನದ ಬೆಲೆ, ಹೆತ್ತವರ ಹಕ್ಕು ಎಲ್ಲವೂ ಅದರಲ್ಲಿತ್ತು.

ಮರುದಿನ ಹುಡುಗ ಬಂದ. ಉಪದೇಶಕ್ಕೆ ಮೊದಲು, "ಅದೇನು ಗೇಮ್? ನನಗೂ ಹೇಳು" ಎಂದೆ. ಅವನು ನಂಬಲಾರದೆ ನನ್ನ ಮುಖ ನೋಡಿದ. ಬಳಿಕ ಅರ್ಧ ಗಂಟೆ ಒಂದೇ ಸಮನೆ ಮಾತನಾಡಿದ. ಅವನಿಂದ ಕಲಿತದ್ದನ್ನೂ, ನಾನೇ ಓದಿ ತಿಳಿದುಕೊಂಡದ್ದನ್ನೂ ನಿಮಗೆ ಹೇಳುತ್ತೇನೆ. ಮನೆಯಲ್ಲಿ ಬೆಳೆಯುವ ಮಕ್ಕಳಿರುವವರಿಗೆ ಇದು ತಿಳಿದಿರಬೇಕು.

ಆ ಗೇಮಿನ ಹೆಸರು 'ದಿ ಎಲ್ಡರ್ ಸ್ಕ್ರೋಲ್ಸ್ 6'. ಅಮೆರಿಕದ ಬೆಥೆಸ್ಡಾ ಎಂಬ ಸಂಸ್ಥೆ ಅದನ್ನು ತಯಾರಿಸುತ್ತಿದೆ. ಇವುಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವನೇ ಕಥೆಯ ಪಾತ್ರವಾಗುತ್ತಾನೆ. ಹೆಸರು, ಮುಖ, ಕುಲ ಎಲ್ಲವನ್ನೂ ತಾನೇ ಆರಿಸಿಕೊಂಡು 'ಟ್ಯಾಮ್ರಿಯೆಲ್' ಎಂಬ ಕಲ್ಪನೆಯ ಭೂಖಂಡದಲ್ಲಿ ಅಲೆಯುತ್ತಾನೆ. ಸರಣಿಯ ಮೊದಲ ಆಟ 1994ರಲ್ಲಿ ಬಂತು. ಎರಡನೆಯದು 1996, ಮೂರನೆಯದು 2002, ನಾಲ್ಕನೆಯದು 2006. 'ಸ್ಕೈರಿಮ್' ಎಂಬ ಐದನೆಯದು 2011ರ ನವೆಂಬರ್ 11ರಂದು ಬಂತು. ಅದರ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಅದರ ನಿರ್ದೇಶಕ ಟಾಡ್ ಹೊವಾರ್ಡ್ 2023ರಲ್ಲಿ ಹೇಳಿದ್ದರು.

ಆರನೆಯದರ ಘೋಷಣೆಯಾದದ್ದು 2018ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಂದು ತೋರಿಸಿದ್ದು ಕೇವಲ 36 ಸೆಕೆಂಡುಗಳ ಒಂದು ತುಣುಕು. ಮೋಡ, ಗುಡ್ಡಗಳು, ದೂರದಲ್ಲಿ ಕಡಲು, ಕೊನೆಗೆ ಹೆಸರು. ಅಷ್ಟೇ. ಆಗ ನಮ್ಮ ಹುಡುಗ ನಾಲ್ಕನೇ ತರಗತಿ. ಅದೇ ದಿನ ಘೋಷಿಸಿದ ಇನ್ನೊಂದು ಆಟವನ್ನು ಸಂಸ್ಥೆ ಮೊದಲು ಕೈಗೆತ್ತಿಕೊಂಡಿತು. ಅದು ಹೊರಬರುವಾಗಲೇ 2023 ಆಗಿತ್ತು. 2025ರಲ್ಲೂ ಹೊವಾರ್ಡ್ ಅವರ ಉತ್ತರ, ಆರನೆಯದು ಇನ್ನೂ ಬಹಳ ದೂರವಿದೆ ಎಂದೇ ಇತ್ತು.

ಈ 36 ಸೆಕೆಂಡುಗಳನ್ನು ಲೋಕದಾದ್ಯಂತ ಜನ ಮತ್ತೆ ಮತ್ತೆ ನೋಡಿದ್ದಾರೆ. ಆ ಗುಡ್ಡ ಯಾವ ಸೀಮೆಯದು ಎಂದು ವಾದಿಸಿದ್ದಾರೆ. ಅದು 'ಹ್ಯಾಮರ್‌ಫೆಲ್' ಎಂಬುದು ಬಹಳ ಮಂದಿಯ ಊಹೆ. ಮರುಭೂಮಿ, ಬಾಗಿದ ಖಡ್ಗ, ಗುಮ್ಮಟಗಳಿರುವ ನಾಡು ಅದು. "ಅಲ್ಲಿಯ ಜನ ನೋಡಲು ನಮ್ಮವರ ಹಾಗೆ ಇರುತ್ತಾರೆ ಉಸ್ತಾದ್" ಎಂದು ಹುಡುಗ ಸಂಭ್ರಮದಿಂದ ಹೇಳಿದ. ಸಿನಿಮಾಗಳಲ್ಲಿ ತನ್ನವರನ್ನು ಖಳರಾಗಿಯೇ ಕಂಡ ಮಗುವಿಗೆ, ಅಂಥ ವೇಷದ ಜನ ವೀರರೂ ಆಗಿರುತ್ತಾರೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಆಗ ಹೊಳೆಯಿತು.

ಆಮೇಲೆ, "ಇಷ್ಟು ವರ್ಷ ಯಾಕೆ ಕಾಯುತ್ತಿದ್ದೀ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಬಳಿಕ ಹೇಳಿದ.

ಅವನ ಉಪ್ಪ ಸೌದಿಯಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆ. ಒಂದು ರಜೆಯಲ್ಲಿ ಮಗನಿಗೆ ಗೇಮ್ ಆಡುವ ಯಂತ್ರವನ್ನೂ ಸ್ಕೈರಿಮ್ ಡಿಸ್ಕನ್ನೂ ತಂದಿದ್ದರು. ಅವರಿಗೆ ಆಡಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಪರದೆಯ ಮೇಲಿನ ಹಿಮದ ಬೆಟ್ಟಗಳನ್ನು ನೋಡುತ್ತಿದ್ದರು. "ಕೆಲಸದ ಜಾಗದಲ್ಲಿ ಬೆಂಕಿಯಂಥ ಬಿಸಿಲು. ಇದನ್ನು ನೋಡಿದರೇ ತಂಪಾಗುತ್ತದೆ" ಎನ್ನುತ್ತಿದ್ದರಂತೆ. ಹೊರಡುವ ದಿನ, "ಮುಂದಿನದು ಬರಲಿ, ಅಷ್ಟರಲ್ಲಿ ನಾನೂ ಊರಿಗೇ ಬಂದು ಬಿಡುತ್ತೇನೆ. ಇಬ್ಬರೂ ಸೇರಿ ಆಡೋಣ" ಎಂದರಂತೆ.

"ಗೇಮೂ ಬರಲಿಲ್ಲ ಉಸ್ತಾದ್, ಉಪ್ಪನೂ ಬರಲಿಲ್ಲ" ಎಂದ ಹುಡುಗ. ರಜೆಗೆ ಬರುತ್ತಾರೆ, ಹೋಗುತ್ತಾರೆ. ಊರಿಗೇ ಬರುವ ಮಾತು ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಅಕ್ಕನ ಮದುವೆ, ಮನೆಯ ಸಾಲ, ಒಂದಲ್ಲ ಒಂದು ಕಾರಣ.

ಓದುಗರೇ, ನಾನು ರಾತ್ರಿ ಸಿದ್ಧಪಡಿಸಿದ್ದ ಉಪದೇಶದ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

ಕಾಯುವುದು ತಪ್ಪಲ್ಲ. ನಮ್ಮ ದೀನೇ ನಮಗೆ ಕಾಯುವುದನ್ನು ಕಲಿಸುತ್ತದೆ. ಶಅಬಾನ್ ಮುಗಿಯುವಾಗ ಚಂದ್ರನಿಗಾಗಿ ಕಾಯುತ್ತೇವೆ. ಖರ್ಜೂರ ಕೈಯಲ್ಲಿ ಹಿಡಿದು ಬಾಂಗಿಗಾಗಿ ಕಾಯುತ್ತೇವೆ. ಯಾಕೂಬ್(ಅ) ಅವರು ಮಗ ಯೂಸುಫರಿಗಾಗಿ ಕಣ್ಣಿನ ದೃಷ್ಟಿ ಹೋಗುವಷ್ಟು ಅತ್ತು ಕಾದರು. ಆದರೂ ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಲಿಲ್ಲ. ಕಥೆಗಾಗಿ ಕಾಯುವುದೂ ಹೊಸತಲ್ಲ. ದಿಲ್ಲಿಯ ಜಾಮಾ ಮಸೀದಿಯ ಮೆಟ್ಟಿಲುಗಳಲ್ಲಿ ದಾಸ್ತಾನ್ ಹೇಳುವವರು ಅಮೀರ್ ಹಂಝಾರ ಸಾಹಸಗಳನ್ನು ದಿನಗಟ್ಟಲೆ ಹೇಳುತ್ತಿದ್ದ ಕಾಲವಿತ್ತು. ಲಕ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಆ ದಾಸ್ತಾನನ್ನು 46 ಸಂಪುಟಗಳಲ್ಲಿ ಪ್ರಕಟಿಸಿತು. ಮಾಯಾನಗರಿಗಳು, ಮಾಂತ್ರಿಕರು, ದೈತ್ಯರು ಎಲ್ಲವೂ ಅದರಲ್ಲಿದ್ದರು. ಮುಂದಿನ ಸಂಪುಟಕ್ಕೆ ಕಾದವರು ನಮ್ಮ ಅಜ್ಜಂದಿರೇ.

ಹಾಗೆಂದು ಎಲ್ಲವೂ ಸರಿ ಎಂದು ನಾನು ಹೇಳುವುದಿಲ್ಲ. ಈ ಆಟಗಳಲ್ಲಿ ಕಲ್ಪಿತ ದೇವರುಗಳಿದ್ದಾರೆ, ಮಾಟಮಂತ್ರವಿದೆ, ರಕ್ತಪಾತವಿದೆ. ಸ್ಕೈರಿಮ್ ಡಿಸ್ಕಿನ ಪೆಟ್ಟಿಗೆಯ ಮೇಲೆ, ಅದು 17 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತನ್ನು ಅಮೆರಿಕದಲ್ಲಿ ಹಾಕಿರುತ್ತಾರೆ. ಹತ್ತು ತುಂಬದ ಮಗನಿಗೆ ಅದನ್ನು ಕೊಂಡ ತಂದೆ ಆ ಗುರುತನ್ನು ನೋಡಿರಲಿಲ್ಲ. ನಾವೂ ನೋಡುವುದಿಲ್ಲ. ಬಿಸ್ಕೆಟ್ ಪೊಟ್ಟಣದ ತಾರೀಕು ನೋಡುವ ನಾವು ಮಕ್ಕಳ ಕಣ್ಣಿಗೆ, ಮನಸ್ಸಿಗೆ ಉಣಿಸುವುದರ ಗುರುತನ್ನು ನೋಡುವುದು ಬೇಡವೇ? ಕಥೆ ಬೇರೆ, ಈಮಾನ್ ಬೇರೆ ಎಂದು ಮಗುವಿಗೆ ತಿಳಿಯುತ್ತದೆ. ಆದರೆ ಪಕ್ಕದಲ್ಲಿ ಕುಳಿತು ಅದನ್ನು ಹೇಳುವವರೊಬ್ಬರು ಬೇಕು.

ಇನ್ನೊಂದು ಅಪಾಯ, ಕಾಯುವಿಕೆಯೇ ವ್ಯಾಪಾರದ ಸರಕಾಗುವುದು. ಪೋಲೆಂಡಿನ ಸಂಸ್ಥೆಯೊಂದು 'ಸೈಬರ್‌ಪಂಕ್ 2077' ಎಂಬ ಆಟವನ್ನು 2020ರ ನವೆಂಬರ್‌ನಿಂದ ಡಿಸೆಂಬರ್‌ಗೆ, ಕೇವಲ 21 ದಿನ ಮುಂದೂಡಿತು. ಅಷ್ಟಕ್ಕೇ ತಯಾರಕರಿಗೆ ಕೊಲೆ ಬೆದರಿಕೆಗಳು ಬಂದವು. ಮೂರು ವಾರ ಕಾಯಲಾಗದ ಮನಸ್ಸು ಎಲ್ಲಿಗೆ ತಲುಪಿತು ನೋಡಿ! ಸುಮಾರು 80 ಲಕ್ಷ ಮಂದಿ ಮುಂಗಡ ಹಣ ಕೊಟ್ಟು ಅದನ್ನು ಕಾದಿರಿಸಿದ್ದರು. ಕೊನೆಗೆ ಅದು ಬಂದಾಗ ಎಷ್ಟು ದೋಷಗಳಿದ್ದವೆಂದರೆ, ಒಂದು ವಾರದಲ್ಲೇ ಸೋನಿ ಸಂಸ್ಥೆ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಅದನ್ನು ತೆಗೆದು, ಹಣ ಹಿಂದಿರುಗಿಸಬೇಕಾಯಿತು. ಅದನ್ನು ಸರಿಪಡಿಸಿ ಮತ್ತೆ ಮಾರಾಟಕ್ಕಿಡಲು ತಿಂಗಳುಗಳು ಬೇಕಾದವು.

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ ಇಲ್ಲಿ 'ಸಲಮ್' ವ್ಯಾಪಾರದ ನೆನಪು ಬರದಿರದು. ಪ್ರವಾದಿ(ಸ) ಮದೀನಾಕ್ಕೆ ಬಂದಾಗ, ಅಲ್ಲಿಯ ಜನ ಖರ್ಜೂರಕ್ಕಾಗಿ ಒಂದೆರಡು ವರ್ಷ ಮೊದಲೇ ಹಣ ಕೊಡುತ್ತಿದ್ದರು. ಮುಂಗಡ ಕೊಡುವುದಾದರೆ ಅಳತೆ, ತೂಕ ಮತ್ತು ಅವಧಿ ಮೂರೂ ಗೊತ್ತಿರಬೇಕು ಎಂದು ಪ್ರವಾದಿ(ಸ) ಆದೇಶಿಸಿದರು. ನಾನಿಲ್ಲಿ ಫತ್ವಾ ಕೊಡುತ್ತಿಲ್ಲ. ಅದು ವಿದ್ವಾಂಸರ ಕೆಲಸ. ಆದರೆ ಕಣ್ಣಾರೆ ಕಾಣದ, ಗುಣಮಟ್ಟ ತಿಳಿಯದ ವಸ್ತುವಿಗೆ ತಂದೆಯ ಬೆವರಿನ ಹಣವನ್ನು ಮೊದಲೇ ಸುರಿಯಬೇಡ ಎಂದು ಮಗನಿಗೆ ಹೇಳಲು ಆ ಹದೀಸಿನ ಒಂದೇ ಪಾಠ ಸಾಕು.

ಈಗ ಆ ಹುಡುಗನೇ ನನಗೆ ಹೇಳಿದ ಒಂದು ಸಂಗತಿ. ಅಮೆರಿಕದಲ್ಲಿ ಶರ್ಲಿ ಕರಿ ಎಂಬ ಮಹಿಳೆಯಿದ್ದಾರೆ. 1936ರಲ್ಲಿ ಹುಟ್ಟಿದವರು. ಇಳಿವಯಸ್ಸಿನಲ್ಲಿ ಸ್ಕೈರಿಮ್ ಆಡುತ್ತಾ, ಅದರ ವೀಡಿಯೊಗಳನ್ನು ಮಾಡುತ್ತಾ 'ಸ್ಕೈರಿಮ್ ಅಜ್ಜಿ' ಎಂದೇ ಹೆಸರಾದರು. ನೋಡುವವರನ್ನು ಮೊಮ್ಮಕ್ಕಳೇ ಎಂದು ಕರೆಯುತ್ತಿದ್ದರು. ಮುಂದಿನ ಆಟದಲ್ಲಿ ಈ ಅಜ್ಜಿಯೂ ಒಂದು ಪಾತ್ರವಾಗಿರಲಿ ಎಂದು ಸಾವಿರಾರು ಅಭಿಮಾನಿಗಳು ಮನವಿ ಸಲ್ಲಿಸಿದರು. 2019ರಲ್ಲಿ ಸಂಸ್ಥೆ ಒಪ್ಪಿತು. ಆದರೆ ಅದು ಬರುವ ಹೊತ್ತಿಗೆ ತಾನು ಬದುಕಿರಲಾರೆನೇನೋ ಎಂದು ಅವರೇ ಹೇಳಿಕೊಂಡಿದ್ದಾರೆ. 2024ರಲ್ಲಿ ಅವರಿಗೆ 88 ತುಂಬಿತು.

ಇದನ್ನು ಕೇಳಿದಾಗ ನನಗೆ ಇಬ್ನು ಮಸ್‌ಊದ್(ರ) ವರದಿ ಮಾಡಿದ ಒಂದು ಹದೀಸ್ ನೆನಪಾಯಿತು. ಕಾಗದದ ಮೇಲೆ ಬರೆದು ಹುಡುಗನಿಗೆ ತೋರಿಸಿದೆ. ಪ್ರವಾದಿ(ಸ) ಒಮ್ಮೆ ಒಂದು ಚೌಕ ಎಳೆದರು. ಅದರ ನಡುವಿನಿಂದ ಚೌಕವನ್ನು ದಾಟಿ ಹೊರಗೆ ಹೋಗುವಂತೆ ಒಂದು ಗೆರೆ ಎಳೆದರು. ಒಳಗಿರುವುದು ಮನುಷ್ಯ, ಸುತ್ತುವರಿದಿರುವುದು ಅವನ ಆಯುಷ್ಯ, ಹೊರಗೆ ಚಾಚಿರುವುದು ಅವನ ಆಸೆ ಎಂದು ವಿವರಿಸಿದರು. ಹುಡುಗ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಬಳಿಕ ಮೆಲ್ಲಗೆ, "ಉಪ್ಪನಿಗೆ ಈ ಸಲ ಐವತ್ತೆರಡಾಯಿತು ಉಸ್ತಾದ್" ಎಂದ.

ನಾನು ಅವನಿಗೆ ಹೇಳಿದ್ದು ಇಷ್ಟೇ. ಗೇಮಿಗೆ ಕಾಯಿ, ಬೇಡ ಎನ್ನುವುದಿಲ್ಲ. ಆದರೆ ಗೇಮ್ ಬಂದ ಮೇಲೆ ಉಪ್ಪನ ಜೊತೆ ಮಾತನಾಡುತ್ತೇನೆ ಎಂದು ಕಾಯಬೇಡ. ಅದರ ಸುದ್ದಿಯನ್ನು ಅವರಿಗೆ ಇಂದೇ ಹೇಳು. ಅವರ ಕೆಲಸದ ಸುದ್ದಿಯನ್ನು ಇಂದೇ ಕೇಳು.

ಅವನ ತಾಯಿಗೂ ಎಲ್ಲವನ್ನೂ ತಿಳಿಸಿದೆ. ಗಂಡ ಮಗನಿಗೆ ಕೊಟ್ಟ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಅವರು ಕಣ್ಣೊರೆಸಿಕೊಂಡು, "ನಾನೂ ಅದೇ ಮಾತಿಗೆ ಕಾಯುತ್ತಿದ್ದೇನೆ ಉಸ್ತಾದ್. ಮಗ ಬಾಯಿಬಿಟ್ಟು ಹೇಳಿದ, ನಾನು ಹೇಳಲಿಲ್ಲ" ಎಂದರು.

ಎರಡು ವಾರಗಳ ಬಳಿಕ ಹುಡುಗ ಮಸೀದಿಯ ಬಳಿ ಸಿಕ್ಕಿದ. ಈಗ ಶುಕ್ರವಾರ ಉಪ್ಪನ ಫೋನು ಬಂದರೆ ಎರಡೇ ನಿಮಿಷಕ್ಕೆ ಮುಗಿಯುವುದಿಲ್ಲವಂತೆ. "ಏನೋ, ನಿನ್ನ ಗೇಮಿನ ಕಥೆ ಏನಾಯಿತು?" ಎಂದು ಅವರೇ ಮೊದಲು ಕೇಳುತ್ತಾರಂತೆ. ಊರಿಗೆ ಬರುವುದು ಇನ್ನೂ ನಿಶ್ಚಯವಾಗಿಲ್ಲ. ಆದರೆ ಸಾಲ ಎಷ್ಟು ಉಳಿದಿದೆ, ಎಷ್ಟು ಕಾಲ ಬೇಕು ಎಂದು ಮೊದಲ ಬಾರಿಗೆ ಮೂವರೂ ಸೇರಿ ಲೆಕ್ಕ ಹಾಕಿದ್ದಾರೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಒಂದು ಮಗು ಮೊಬೈಲ್ ಹಿಡಿದು ಏನನ್ನೋ ಕಾಯುತ್ತಿರಬಹುದು. ಗದರುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು, "ಏನಕ್ಕೆ ಕಾಯುತ್ತಿದ್ದೀ?" ಎಂದು ಕೇಳಿ. ಮಗು ಹೇಳುವ ಮೊದಲ ಉತ್ತರಕ್ಕೇ ಎದ್ದುಹೋಗಬೇಡಿ. ಎರಡನೆಯ ಉತ್ತರಕ್ಕೂ ಸ್ವಲ್ಪ ಕಾಯಿರಿ.