ಮಾತಿನ ಮೂಲ: ಸಾವು, ತೆರಿಗೆ ಮತ್ತು ಕಟ್ಟಿಟ್ಟ ಬುತ್ತಿ

2018ರ ಜನವರಿ. ಯುಎಇಯಲ್ಲಿ ವ್ಯಾಟ್ ಶುರುವಾದ ವಾರ. ಸೈಟ್ ಪಕ್ಕದ ಗ್ರೋಸರಿಯ ಬಿಲ್ಲಿನ ಕೊನೆಗೆ ಶೇ. 5 ಸೇರಿಕೊಂಡದ್ದನ್ನು ನೋಡಿ ನಾನು ಗೊಣಗಿದೆ. ಹಿಂದೆ ನಿಂತಿದ್ದ ನಮ್ಮ ಬ್ರಿಟಿಷ್ ಎಂಜಿನಿಯರ್ ನಕ್ಕು, ‘ಡೆತ್ ಅಂಡ್ ಟ್ಯಾಕ್ಸಸ್!’ ಎಂದರು. ತೆರಿಗೆಯೇನೋ ಸರಿ, ನಡುವೆ ಸಾವೇಕೆ ಬಂತು ಎಂದು ನನಗೆ ಕಸಿವಿಸಿ.

ಅದು ಒಂದು ಗಾದೆಯ ತುಂಡು. ಈ ಲೋಕದಲ್ಲಿ ಸಾವು ಮತ್ತು ತೆರಿಗೆ ಬಿಟ್ಟರೆ ಯಾವುದೂ ಖಚಿತವಲ್ಲ ಎಂಬುದು ಪೂರ್ತಿ ಅರ್ಥ. ಇದನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1789ರ ನವೆಂಬರಿನಲ್ಲಿ ಪ್ಯಾರಿಸ್‌ನ ವಿಜ್ಞಾನಿ ಗೆಳೆಯ ಲೆ ರಾಯ್‌ಗೆ ಅವರೊಂದು ಪತ್ರ ಬರೆದರು. ಅಲ್ಲಿ ಕ್ರಾಂತಿಯ ಗಲಭೆ; ಗೆಳೆಯ ಬದುಕಿದ್ದಾನೋ ಇಲ್ಲವೋ ಎಂಬ ಆತಂಕ. ಅದೇ ಪತ್ರದಲ್ಲಿ, ನಮ್ಮ ಹೊಸ ಸಂವಿಧಾನ ಬಾಳುವಂತೆ ಕಾಣುತ್ತದೆ, ಆದರೂ ಖಚಿತವೆನ್ನಲು ಈ ಎರಡೇ ಉಂಟು ಎಂದರು. ಐದೇ ತಿಂಗಳಿಗೆ, 1790ರ ಏಪ್ರಿಲ್ 17ರಂದು, ಅವರೇ ತೀರಿಕೊಂಡರು.

ಆದರೆ ಮಾತು ಅವರದಲ್ಲ. 1716ರಲ್ಲೇ ಲಂಡನ್ನಿನ ಕ್ರಿಸ್ಟೋಫರ್ ಬುಲಕ್ ಎಂಬ ನಟ ಬರೆದ, ಚಮ್ಮಾರನೊಬ್ಬನ ಕುರಿತ ಪ್ರಹಸನದಲ್ಲಿ ಅದು ಇತ್ತು. ಇಂದಿಗೂ ಇದು ತಪ್ಪಿಸಿಕೊಳ್ಳಲಾಗದ್ದರ ಬಗ್ಗೆ ನಗುತ್ತಾ ಗೊಣಗುವ ಮಾತು. ಸಾವಿನ ಮನೆಯಲ್ಲಿ ಮಾತ್ರ ಆಡಬೇಡಿ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ‘ಕಟ್ಟಿಟ್ಟ ಬುತ್ತಿ’. ಬುತ್ತಿಯೆಂದರೆ ದಾರಿಗೆಂದು ಕಟ್ಟಿಕೊಳ್ಳುವ ಊಟದ ಗಂಟು. ಕಟ್ಟಿಟ್ಟ ಮೇಲೆ ಅದು ನಮ್ಮದೇ, ಉಣ್ಣಲೇಬೇಕು. ವಿಚಿತ್ರವೆಂದರೆ ಸೋಲು, ನಷ್ಟ, ಕಷ್ಟಗಳಿಗೇ ಇದನ್ನು ಹೆಚ್ಚು ಬಳಸುತ್ತೇವೆ.

ಕೊಲ್ಲಿಯಲ್ಲಿ ನಮ್ಮ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಗಾದೆಯ ಅರ್ಧ ಭಾಗದಿಂದ ಪಾರಾದೆವು ಎಂದು ನಗುತ್ತೇವೆ. ಉಳಿದರ್ಧದ ಮಾತೆತ್ತಿದರೆ ಮನೆಯವರು ‘ಬಿಡ್ತು ಅನ್ನಿ’ ಎನ್ನುತ್ತಾರೆ. ನಮ್ಮ ರೂಮಿನವರೊಬ್ಬರು ಹೋದ ದಿನ ವಿಮೆಯ ಕಾಗದಕ್ಕಾಗಿ ಅವರ ಸೂಟ್‌ಕೇಸನ್ನೆಲ್ಲ ತಡಕಿದೆವು. ಊರಿನಲ್ಲಿ ಹೆಂಡತಿಗೂ ಅದರ ಸುಳಿವಿರಲಿಲ್ಲ.

ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದು ಬಂದ ನಮ್ಮಲ್ಲಿ ಅನೇಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಇರುತ್ತದೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಅವಧಿ ಎರಡೋ ಮೂರೋ ವರ್ಷ. ಮುಗಿದದ್ದು ಎಷ್ಟೋ ಸಲ ನಮಗೆ ತಿಳಿಯುವುದೇ ಇಲ್ಲ. ಈ ಶುಕ್ರವಾರ ಅದನ್ನು ಹುಡುಕಿ ತೆಗೆಯಿರಿ. ಕೊನೆಯ ದಿನಾಂಕವನ್ನೂ ನಾಮಿನಿಯ ಹೆಸರನ್ನೂ ನೋಡಿ, ಫೋಟೋ ತೆಗೆದು ಮನೆಗೆ ಕಳಿಸಿ.

ನಾನು ಕಳಿಸಿದಾಗ ನನ್ನಾಕೆಯೂ ‘ಬಿಡ್ತು ಅನ್ನಿ’ ಎಂದಳು. ‘ಬಿಡ್ತು’ ಎಂದೆ. ‘ಆದರೂ ಫೋಟೋ ಡಿಲೀಟ್ ಮಾಡಬೇಡ’ ಎಂದೂ ಹೇಳಿದೆ.